ಪೇಟಿ ಮುಚ್ಚಿದ ಮೇಲೆ

"ಹಾಡು ಹಂಚೂದರಾಗ ಏನೈತ್ರಿ ಮಾಸ್ತರ, ಯೂಟ್ಯೂಬ್ ಲಿಂಕ್ ಒಗದ್ರ ಮುಗೀತಲ್ಲ" ಎಂದು ನಕ್ಕವರೇ ಈಗ ಸೋಮವಾರ ಬೆಳಿಗ್ಗೆ ಹತ್ತಾದರೂ, ಚರ್ಚಿನವರಿಗೆ ನಾನು ಫೋನಿನಲ್ಲಿ ಕಳಿಸುವ ವಾರದ ಹಾಡು ಬರದಿದ್ದರೆ ನನಗೆ ಫೋನು ಹಚ್ಚುತ್ತಾರೆ. ಅದಕ್ಕೇ ಬರೆಯಲು ಕೂತೆ. ಚರ್ಚಿನ ಸಭೆಗಳಲ್ಲಿ ಹಾಡು ನಡೆಸುವವರಿಗೆ ಪಲ್ಲವಿ, ಚರಣ, ಪಟ್ಟಿ (ಶ್ರುತಿ) ಎಲ್ಲ ಗೊತ್ತೇ ಇರುತ್ತವೆ. ಅದನ್ನೆಲ್ಲ ಬಿಟ್ಟು ನಾನು ಎಲ್ಲೆಲ್ಲಿ ಬಿದ್ದೆ ಅನ್ನುವುದನ್ನಷ್ಟೇ ಹೇಳುತ್ತೇನೆ.

ಗುಳೇದಗುಡ್ಡದಲ್ಲಿ ಖಣದ ಕುಬಸ ಹೊಲಿಯುವುದು ನನ್ನ ಕಸುಬು. ಭಾನುವಾರ ಚರ್ಚಿನಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುತ್ತೇನೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1851ರಲ್ಲಿ ಕಾಲಿಟ್ಟ ಊರು ಇದು. ಜರ್ಮನ್ ರಾಗದ ಹಾಡುಗಳನ್ನು ನಮ್ಮ ಹಿರಿಯರು ಮಗ್ಗದ ಮುಂದೆ ಕೂತೇ ಬಾಯಿಪಾಠ ಮಾಡಿದವರು. ಆ ಪೀಳಿಗೆ ಹಾಸಿಗೆ ಹಿಡಿಯುತ್ತ ಬಂತು, ಭಾನುವಾರ ಬರುವುದು ನಿಂತಿತು. ಅವರ ಹಾಡು ಅವರಿಗೇ ಮುಟ್ಟಬೇಕು, ಕಷ್ಟದಲ್ಲಿರುವ ಉಳಿದವರಿಗೂ ಮುಟ್ಟಬೇಕು ಅನ್ನುವುದಷ್ಟೇ ಆಸೆ.

ಮೊದಲ ಪೆಟ್ಟು ಸಿಡಿ. 2011ರ ಸುಮಾರಿಗೆ ಹುಬ್ಬಳ್ಳಿಯ ಒಂದು ಸ್ಟುಡಿಯೋಕ್ಕೆ ಹೋಗಿ ಹನ್ನೆರಡು ಹಾಡು ಮಾಡಿಸಿದೆ. ಟ್ರ್ಯಾಕು, ಕೀಬೋರ್ಡು, ಕೋರಸ್ ಹುಡುಗಿಯರು, ಬಸ್ಸು, ಊಟ ಎಲ್ಲ ಸೇರಿ ನಲವತ್ತಾರೋ ನಲವತ್ತೇಳೋ ಸಾವಿರ. ಅದರಲ್ಲಿ ಇಪ್ಪತ್ತು ಸಾವಿರ ನನ್ನ ಹೆಂಡತಿಯ ಚೀಟಿ ದುಡ್ಡು. ಐನೂರು ಸಿಡಿಯಲ್ಲಿ ಮಾರಿದ್ದು ನೂರಾ ಮೂವತ್ತು, ಪುಕ್ಕಟೆ ಕೊಟ್ಟಿದ್ದು ಅದರರ್ಧ. ಅಷ್ಟರಲ್ಲಿ ಮನೆಮನೆಯ ಸಿಡಿ ಪ್ಲೇಯರು ಅಟ್ಟ ಸೇರಿದವು. ಉಳಿದವನ್ನು ನನ್ನ ಮಾವನವರು ಸೂರ್ಯಕಾಂತಿ ಹೊಲದಲ್ಲಿ ದಾರಕ್ಕೆ ಕಟ್ಟಿ ಗಿಳಿ ಓಡಿಸಿದರು. ಗಿಳಿಗಳಿಗಂತೂ ಸಂದೇಶ ಮುಟ್ಟಿತು ಎಂದು ಹೆಂಡತಿ ಈಗಲೂ ಆಡಿಕೊಳ್ಳುತ್ತಾಳೆ.

ಆಮೇಲೆ ದಪ್ಪ ಅಕ್ಷರದ ಹಾಡಿನ ಪುಸ್ತಕ. ನಾನು 'ನುಡಿ' ತಂತ್ರಾಂಶದಲ್ಲಿ ಟೈಪು ಮಾಡಿಸಿ ಕೊಟ್ಟೆ. ಪ್ರೆಸ್ಸಿನವರ ಕಂಪ್ಯೂಟರಿನಲ್ಲಿ ಬೇರೆ ಫಾಂಟು. ಒತ್ತಕ್ಷರಗಳೆಲ್ಲ ಎದ್ದು ಬೇರೆ ಸಾಲಿಗೆ ಹೋಗಿ ಕೂತವು. "ಕ್ರಿಸ್ತ" ಅನ್ನುವ ಪದವೇ ಓದಲು ಬಾರದ ಹಾಡಿನ ಪುಸ್ತಕ ಇನ್ನೂರು ಪ್ರತಿ. ಆರು ಸಾವಿರ ಹೋಯಿತು. ಪ್ರೂಫ್ ನೋಡದೆ ಸಹಿ ಹಾಕಿದವನು ನಾನೇ, ಯಾರನ್ನು ಬಯ್ಯಲಿ?

ಮೂರನೆಯದು ವಾಟ್ಸಾಪಿನಲ್ಲಿ ದಿನಾ ಐದು ಗಂಟೆಗೆ ಲಿಂಕು. ಹದಿನೈದು ದಿನದಲ್ಲಿ ಅರ್ಧ ಜನ ಗ್ರೂಪಿನ ಸದ್ದು ಬಂದ್ ಮಾಡಿದರು. ನಾನೇ ಎಲ್ಲ ಕೇಳುತ್ತಿರಲಿಲ್ಲ, ಅವರೇಕೆ ಕೇಳುತ್ತಾರೆ?

ದಾರಿ ತೋರಿಸಿದ್ದು ಕೀಪ್ಯಾಡ್ ಫೋನು. ನಮ್ಮ ಹೆಸರಿನ ಪಟ್ಟಿಯಲ್ಲಿ ಅಂಥ ಫೋನಿನವರು ಇಪ್ಪತ್ತೆರಡು ಜನ. ಅವರಿಗೆ ನಾನೇ ಕರೆ ಮಾಡಿ, ಪೇಟಿ ನುಡಿಸುತ್ತ ಒಂದೊಂದು ಹಾಡು ಕೇಳಿಸುತ್ತಿದ್ದೆ. "ಮಾಸ್ತರ, ಹಾಡು ಒಮ್ಮೆ ಬರತೈತಿ ಒಮ್ಮೆ ಹೋಗತೈತಿ, ನೀರಾಗ ಮುಳುಗಿ ಎದ್ದಂಗ" ಎಂದರು. ಹುಡುಗನೊಬ್ಬನನ್ನು ಆ ಕಡೆ ಕೂರಿಸಿ ಪರೀಕ್ಷೆ ಮಾಡಿದೆ. ಫೋನು ಮಾತಿಗಾಗಿ ಮಾಡಿದ್ದು. ಎಡೆಬಿಡದೆ ಎಳೆಯುವ ಸುರವನ್ನು ಅದು ಫ್ಯಾನಿನ ಸದ್ದೆಂದು ತಿಳಿದು ಅದುಮಿಬಿಡುತ್ತದೆ, ಜೊತೆಗೆ ದನಿಯನ್ನೂ ಎಳೆದುಕೊಂಡು ಹೋಗುತ್ತದೆ. ಪೇಟಿ ಮುಚ್ಚಿ ಬರೀ ಬಾಯಲ್ಲಿ ಹಾಡಿದೆ. ಮಾತು ಮಾತೂ ಕೇಳಿಸಿತು. ಮೂವತ್ತು ವರ್ಷ ಪೇಟಿ ನುಡಿಸಿದವನಿಗೆ ಅದು ಸುಲಭಕ್ಕೆ ಗಂಟಲಲ್ಲಿ ಇಳಿಯಲಿಲ್ಲ.

ಪೇಟಿ ಹೋದ ಮೇಲೆ ಇನ್ನೊಂದು ಕಂಡಿತು. ನಾನು ಯಾವಾಗಲೂ ಹಿಡಿಯುತ್ತಿದ್ದ ಪಟ್ಟಿ ಮುದುಕರಿಗೆ ಎತ್ತರ. ಅವರು ಇಷ್ಟು ವರ್ಷ ಬರೀ ತುಟಿ ಆಡಿಸುತ್ತಿದ್ದರು! ತಮ್ಮಷ್ಟಕ್ಕೆ ಬಿಟ್ಟರೆ ಎರಡು ಮೂರು ಪಟ್ಟಿ ಕೆಳಗೆ, ಆರಾಮಾಗಿ ಹಾಡುತ್ತಾರೆ. ಹಾಗಾದರೆ ನಾನೇಕೆ ಹಾಡಬೇಕು, ಅವರೇ ಹಾಡಲಿ ಅನ್ನಿಸಿತು.

ಚರ್ಚ್ ಕಮಿಟಿಯ ಹಿರಿಯರೊಬ್ಬರು "ಮುದುಕೀರ ಕೆಮ್ಮು ಯಾರು ಕೇಳತಾರೋ" ಎಂದರು. ಕ್ವಾಯರ್ ಹುಡುಗರು ಬಾಯಿ ಬಿಟ್ಟು ಹೇಳಲಿಲ್ಲ, ನಕ್ಕರು.

ಮೊದಲು ಹಾಡಿಸಿದ್ದು ನಮ್ಮ ಓಣಿಯ ಆಯಿಯೊಬ್ಬರಿಂದ. ಎಂಬತ್ತು ದಾಟಿದೆ, ಜೀವಮಾನವಿಡೀ ಮಗ್ಗದ ನೂಲಿನ ಕಂಡಿಕೆ ಸುತ್ತಿದ ಕೈ. ಮಧ್ಯಾಹ್ನ ಒಂದೂವರೆಗೆ, ಸುತ್ತಲಿನ ಮಗ್ಗದವರು ಊಟಕ್ಕೆ ಎದ್ದ ಹೊತ್ತಿಗೆ ಹೋದೆ. ಬಾಗಿಲಿಗೊಂದು, ಅವರ ಬೆನ್ನ ಹಿಂದಿನ ಗೋಡೆಗೊಂದು ಕೌದಿ ಕಟ್ಟಿದೆ. ಕೋಣೆಯ ಗುಂಯ್ ಸದ್ದು ನಿಂತಿತು. ಮೈಕು ಆರುನೂರೈವತ್ತರದು, ಸೆರಗಿಗೆ ಸಿಕ್ಕಿಸುವಂಥದ್ದು. "ಹಾಡು ಆಮೇಲೆ. ಇದೇ ಹಾಡು ಯಾಕ, ಅದನ್ನ ಮೊದಲ ಹೇಳು ಆಯಿ" ಎಂದೆ. "ನಮ್ಮವರು ಹೋದ ರಾತ್ರಿ ಅಳೂದಕ್ಕೂ ಬರಲಿಲ್ಲ ತಮ್ಮಾ. ಇದೊಂದು ಬಂತು" ಎಂದು ಶುರು ಮಾಡಿದರು. ಎರಡನೇ ಚರಣಕ್ಕೆ ಮಾತು ಮರೆಯಿತು. "ತಡಿ, ತಡಿ" ಅಂದು ಸೆರಗಿನಿಂದ ಬಾಯಿ ಒರೆಸಿಕೊಂಡು, ಕೆಮ್ಮಿ, ಮತ್ತೆ ಮೊದಲಿನಿಂದ ಹಿಡಿದರು.

ಕತ್ತರಿಸಿ ಕಳಿಸಬೇಕೆಂದಿದ್ದೆ. ಮದುವೆಯ ಸೀಜನ್ನು, ಹೊಲಿಗೆ ಒತ್ತಡದಲ್ಲಿ ಮರೆತು ಇದ್ದಂತೆಯೇ ಕಳಿಸಿಬಿಟ್ಟೆ. ಎರಡು ದಿನಕ್ಕೆ ಬೆಳಗಾವಿಯ ಆಸ್ಪತ್ರೆಯಲ್ಲಿ ಗಂಡನನ್ನು ನೋಡಿಕೊಂಡಿದ್ದ ನಮ್ಮ ಸಭೆಯ ಅಕ್ಕನ ಫೋನು ಬಂತು: "ಆ 'ತಡಿ ತಡಿ' ಇರೂ ಹಾಡು ಇನ್ನೊಮ್ಮೆ ಕಳಸ್ರಿ, ಅಳಿಸಿ ಹೋತು. ಪಕ್ಕದ ಹಾಸಿಗಿಯವರೂ ಕೇಳಾಕತ್ತಾರ." ಅಂದಿನಿಂದ ಯಾವುದನ್ನೂ ಕತ್ತರಿಸುವುದಿಲ್ಲ.

ಈಗಿನ ಪದ್ಧತಿ ಇಷ್ಟೆ. ವಾರಕ್ಕೆ ಒಂದೇ ಹಾಡು. ಯಾಕೆ ಅನ್ನುವುದಕ್ಕೆ ಅರ್ಧ ನಿಮಿಷ, ಹಾಡಿಗೆ ಎರಡು ನಿಮಿಷ. ಮೂರು ದಾಟಿದರೆ ಕೊನೆತನಕ ಕೇಳುವವರಿಲ್ಲ. ಸಾಕ್ಷಿ, ಅಂದರೆ ತಮ್ಮ ಅನುಭವದ ಮಾತು, ಉದ್ದವಾದರೆ ಹಾಡೇ ಉಳಿಯುವುದಿಲ್ಲ, ಅಲ್ಲಿ ಮಾತ್ರ ಗಟ್ಟಿಯಾಗಿ "ಆಮೇಲೆ ಹೇಳ್ರಿ" ಅನ್ನುತ್ತೇನೆ. ನಾಚಿಕೆಯವರನ್ನು ಬಾಯಿ ಬಿಡಿಸಲು ನನ್ನ ಹತ್ತಿರ ಒಂದು ಉಪಾಯ ಇದೆ. ಅದನ್ನು ಬರೆದರೆ ನಮ್ಮೂರಿನವರೂ ಓದುತ್ತಾರೆ, ಇನ್ನು ನಡೆಯುವುದಿಲ್ಲ, ಹಾಗಾಗಿ ಬಿಡಿ. ಮೂರು ವರ್ಷದಲ್ಲಿ ನೂರಾ ಮೂವತ್ತರ ಹತ್ತಿರ ಹಾಡುಗಳಾಗಿವೆ, ಜನ ಅರವತ್ತರ ಮೇಲೆ. ಕೆಲವರು ಎರಡು ಮೂರು ಸಲ. ತಿಂಗಳ ಖರ್ಚು ರೀಚಾರ್ಜಿನ ಮುನ್ನೂರು ಚಿಲ್ಲರೆ.

ನಡುವೆ ಒಂದು ಬೇರೆ ಹುಚ್ಚೂ ಹತ್ತಿತ್ತು. ಇಂಗ್ಲಿಷಿನ ಅಮೇಜಿಂಗ್ ಗ್ರೇಸ್ ಹಾಡಿನ ರಾಗವನ್ನು ಒಂದು ರಾತ್ರಿ ಪೇಟಿಯ ಮೇಲೆ ಬಿಡಿಸುತ್ತಿದ್ದೆ: ಪ ಸ ಗ, ಗ ರಿ ಸ, ಧ ಪ. ಮಧ್ಯಮವಿಲ್ಲ, ನಿಷಾದವಿಲ್ಲ. ನಮ್ಮ ಭೂಪ ರಾಗದ ಐದೇ ಸುರ! ಲಯ ಮೂರರದ್ದು, ದಾದರಾ ತಾಳದಲ್ಲಿ ಸಲೀಸಾಗಿ ಕೂರುತ್ತದೆ. ಭಜನೆಯ ತಬಲಾದವರು ಒಂದೇ ಸಲಕ್ಕೆ ಹಿಡಿದರು. ತೊಡಕಾಗಿದ್ದು ಮಾತು. ಒಂದಕ್ಕೆ ಎಂಟು, ಮುಂದಿನದಕ್ಕೆ ಆರು ಉಚ್ಚಾರದ ಆ ಸಾಲುಗಳಿಗೆ ಕನ್ನಡ ತುಂಬಿದರೆ ಸುರ ಎಳೆಯುವಲ್ಲಿ ಹ್ರಸ್ವ ಬಂದು ಕೂತು "ಕೃಪೆ" ಹೋಗಿ "ಕೃಪೇಏ" ಆಗುತ್ತದೆ. ನಾಲ್ಕು ತಿಂಗಳು ತಿದ್ದಿದೆ, ಇನ್ನೂ ಸರಿಹೋಗಿಲ್ಲ. ಆ ಹಾಡು ಬರೆದ ಜಾನ್ ನ್ಯೂಟನ್‌ರ ಮಾತು ಅಚ್ಚಾದದ್ದು 1779ರಲ್ಲಿ, ಈಗಿನ ರಾಗ ಅದಕ್ಕೆ ಕೂಡಿದ್ದು 1835ರಲ್ಲಿ. ಐವತ್ತಾರು ವರ್ಷ ಹಿಡಿದ ಕೆಲಸಕ್ಕೆ ನನ್ನ ನಾಲ್ಕು ತಿಂಗಳು ಯಾವ ಲೆಕ್ಕ?

"ಚರ್ಚಿನಾಗ ಭಜನಿ ಮಾಡ್ತೀರೇನು?" ಎಂದು ಅದೇ ಹಿರಿಯರು ಸಿಟ್ಟಾದರು. ನಿಘಂಟಿನ ಕಿಟೆಲ್ ಸಾಹೇಬರು 1862ರಷ್ಟು ಹಿಂದೆಯೇ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಕಟ್ಟಿದ್ದರು ಎಂದೆ. ಅವರು ಒಪ್ಪಲಿಲ್ಲ. ಆದರೆ ಸೋಮವಾರದ ಹಾಡು ಹೋಗುವ ಪಟ್ಟಿಯಲ್ಲಿ ತಮ್ಮ ನಂಬರು ಇದೆಯೋ ಇಲ್ಲವೋ ಎಂದು ಮೊಮ್ಮಗನ ಕೈಲಿ ಕೇಳಿಸಿದರು.

ಮೊನ್ನೆ ವಿಜಯಪುರದ ಹುಡುಗರು ಆಯಿಯ ಆ ಮೊದಲ ಹಾಡಿಗೆ ಕೀಬೋರ್ಡು, ಎಕೋ ಸೇರಿಸಿ ನನಗೆ ಕಳಿಸಿದ್ದರು. ಕೆಮ್ಮು ತೆಗೆದಿದ್ದರು, "ತಡಿ ತಡಿ"ಯನ್ನೂ ತೆಗೆದಿದ್ದರು. ಕೆಲಸ ನಾಜೂಕಾಗಿತ್ತು, ನನ್ನ ಸಿಡಿಗಿಂತ ಎಷ್ಟೋ ಮೇಲು. "ಚಲೋ ಆಗೈತಿ" ಎಂದು ಉತ್ತರ ಬರೆದೆ. ಮುಂದಕ್ಕೆ ಯಾರಿಗೂ ಕಳಿಸಲಿಲ್ಲ.