ಕೆರೆ ಹೂಳಲ್ಲಿ ಸೊಪ್ಪು ಬೆಳೆಯುವ ಮುಂಚೆ

ಟೆರೇಸ್ ಕುಂಡಕ್ಕೆ ಬೆಳ್ಳಂದೂರು ಕೆರೆಯ ಹೂಳು ತರುವ ಯೋಚನೆ ಇದ್ದರೆ ಒಂದು ನಿಮಿಷ ನಿಲ್ಲಿ. ಕೊಳಚೆ ಸೇರಿದ ಹೂಳಲ್ಲಿ ಕ್ಯಾಡ್ಮಿಯಂ, ಸೀಸದಂಥ ವಿಷದ ಭಾರಲೋಹ ಇರಬಹುದು. ಗಿಡ ಮಾತ್ರ ಹಚ್ಚಗೇ ಇರುತ್ತದೆ, ಅದೇ ಮೋಸ.

ಯಾಕೆ ಗೊತ್ತಾ? ಲೋಹ ಒಳಗೆ ಬಂತು ಅಂದರೆ ಗಿಡ (ಎಷ್ಟೋ ಪಾಚಿಗಳೂ) ತನ್ನ ಜೀವಕೋಶದಲ್ಲೇ ಇರುವ ಗ್ಲುಟಾಥಯೋನ್ ಎಂಬ ಸಣ್ಣ ಅಣುವಿನ ತುಂಡುಗಳನ್ನು ಜೋಡಿಸಿ ಫೈಟೋಕೆಲಾಟಿನ್ ಎಂಬ ಪುಟ್ಟ ಪೆಪ್ಟೈಡ್ (ಪ್ರೋಟೀನ್‌ನಂಥದೇ ಗಿಡ್ಡ ಸರಪಳಿ) ಮಾಡುತ್ತದೆ, ಅದರ ಸಿಸ್ಟೀನ್ ಎಂಬ ಅಮೈನೋ ಆಮ್ಲದಲ್ಲಿರುವ ಗಂಧಕ ಕ್ಯಾಡ್ಮಿಯಂ ಅನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಆಮೇಲೆ ಆ ಗಂಟನ್ನು ಜೀವಕೋಶದೊಳಗಿನ ವ್ಯಾಕ್ಯುವೋಲ್ ಎಂಬ ಚೀಲಕ್ಕೆ ತಳ್ಳಿಬಿಡುತ್ತದೆ. ಗಿಡವೇನೋ ಬಚಾವ್. ವಿಷ ಮಾತ್ರ ಎಲ್ಲೂ ಹೋಗಿಲ್ಲ, ನಿಮ್ಮ ಸೊಪ್ಪಿನೊಳಗೇ ಇದೆ. ಉಪ್ಪುನೀರಲ್ಲಿ ಎಷ್ಟು ತೊಳೆದರೂ ಮೇಲಿನ ಧೂಳು ಹೋಗುತ್ತದೆ ಅಷ್ಟೇ.

ಹೂಳು ಬಳಸಲೇಬೇಕಾ? ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಭಾರಲೋಹದ ಪರೀಕ್ಷೆ ಬೇಕು ಅಂತ ಬಿಡಿಸಿ ಹೇಳಿ, ಸುಮ್ನೆ ಎನ್‌ಪಿಕೆ (ಸಾರಜನಕ, ರಂಜಕ, ಪೊಟ್ಯಾಷ್) ವರದಿ ಸಾಲದು. ಅನುಮಾನ ಇದ್ದರೆ ದಂಟು, ಪಾಲಕ್ ಬೇಡ, ಚೆಂಡು ಹೂ ಹಾಕಿ. ಹುಳಿ ಮಣ್ಣಾದರೆ ಸ್ವಲ್ಪ ಸುಣ್ಣ ಬೆರೆಸಿ, ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ) 6.5 ದಾಟಿದರೆ ಕ್ಯಾಡ್ಮಿಯಂ ಬೇರಿಗೆ ಕಡಿಮೆ ಸಿಗುತ್ತದೆ. ಕಿತ್ತ ಗಿಡವನ್ನು ಕಾಂಪೋಸ್ಟ್ ಡಬ್ಬಕ್ಕೆ ಹಾಕಬೇಡಿ, ಲೋಹ ಕೊಳೆಯುವುದಿಲ್ಲ ಅಲ್ವಾ.