ಮೇಣದ ಗೋಡೆ, ರುಬಿಡಿಯಂ ಆವಿ: ಒಂದು ಸೆಲ್ ಮಾಡಿದ ಅನುಭವ

ಲೇಸರ್ ಬೆಳಕು ಹಾಯಿಸಿ ರುಬಿಡಿಯಂ ಲೋಹದ ಪರಮಾಣುಗಳ, ಪುಟ್ಟ ಆಯಸ್ಕಾಂತದಂತೆ ದಿಕ್ಕುಳ್ಳ ಸ್ಪಿನ್‌ಗಳನ್ನು ಎಷ್ಟೇ ಚೆನ್ನಾಗಿ ಒಂದೇ ದಿಕ್ಕಿಗೆ ನಿಲ್ಲಿಸಿದರೂ, ಬರೀ ಗಾಜಿನ ಗೋಡೆಗೆ ಒಮ್ಮೆ ತಗುಲಿದರೆ ಎಲ್ಲ ಮುಗಿಯಿತು. ಪರಮಾಣು ಅಲ್ಲಿ ಅಂಟಿ ಕೂರುತ್ತದೆ, ದಿಕ್ಕು ಮರೆಯುತ್ತದೆ. ಕಾಂತಕ್ಷೇತ್ರ ಅಳೆಯುವ ನಮ್ಮ ಮ್ಯಾಗ್ನೆಟೋಮೀಟರ್‌ಗೆ ಬೇಕಿದ್ದ 25 ಮಿ.ಮೀ. ವ್ಯಾಸದ ಗಾಜಿನ ಗೋಳದಲ್ಲಿ, ಅಂದರೆ ಆವಿ ತುಂಬುವ ಸೆಲ್‌ನಲ್ಲಿ, ಒಂದು ಪರಮಾಣು ಸೆಕೆಂಡಿಗೆ ಸುಮಾರು 16,000 ಸಲ ಗೋಡೆಗೆ ಬಡಿಯುತ್ತದೆ. ಅದಕ್ಕೇ ಒಳಗೆಲ್ಲ ಮೇಣ. ಹಲಸು ಬಿಡಿಸುವವರು ಕೈಗೆ ಎಣ್ಣೆ ಸವರಿಕೊಳ್ಳುವುದೂ ಇದೇ ಕಾರಣಕ್ಕಲ್ಲವೇ. 1950ರ ದಶಕದಿಂದಲೂ ನಡೆದುಬಂದ ಉಪಾಯವಿದು.

ನಾನು ಹಿಡಿದದ್ದು ಟೆಟ್ರಾಕಾಂಟೇನ್, ಅಂದರೆ 40 ಕಾರ್ಬನ್‌ಗಳ ಪ್ಯಾರಾಫಿನ್. ಸುಮಾರು 80 ಡಿಗ್ರಿಗೆ ಕರಗುತ್ತದೆ. ಗಾಜನ್ನು ಚೆನ್ನಾಗಿ ತೊಳೆದು, ನಿರ್ವಾತದಲ್ಲಿ ಕಾಯಿಸಿ, ಮೇಣದ ಚೂರನ್ನು ಒಳಗಿಟ್ಟು, ಪಂಪ್ ಮಾಡಿ ಬೆಸೆದು, ಇಡೀ ಸೆಲ್ಲನ್ನು ಓವನ್‌ನಲ್ಲಿಟ್ಟೆ. ಮೇಣ ಆವಿಯಾಗಿ ಒಳಗೆಲ್ಲ ಹರಡಿ ಕೂರುತ್ತದೆ. ರುಬಿಡಿಯಂ ಬರುವುದು ಆಮೇಲೆ, ಪಕ್ಕದ ಕೊಳವೆಯಿಂದ. ಆ ಕೊಳವೆ ಉದ್ದವಿರಲಿ. ಇಲ್ಲದಿದ್ದರೆ ಬೆಸುಗೆಯ ಜ್ವಾಲೆಯ ಬಿಸಿಗೇ ಲೇಪ ಹಾಳಾಗುತ್ತದೆ.

ಹೊಸ ಸೆಲ್ ಕೂಡಲೇ ಕೆಲಸಕ್ಕೆ ಬರುವುದಿಲ್ಲ. ಮೇಣದಲ್ಲಿ ಉಳಿದ ಕಲ್ಮಶ ರುಬಿಡಿಯಂ ಅನ್ನು ನುಂಗುತ್ತಲೇ ಇರುತ್ತದೆ, ಆವಿ ಇರಬೇಕಾದಷ್ಟು ಇರುವುದಿಲ್ಲ. ಗೋಳವನ್ನು 60 ಡಿಗ್ರಿ ಆಸುಪಾಸಿನಲ್ಲಿ, ಕೊಳವೆಯನ್ನು ಅದಕ್ಕಿಂತ ತುಸು ತಣ್ಣಗೆ ಇಟ್ಟು ಹದಕ್ಕೆ ಬರಲು ಬಿಡಬೇಕು. ತಾಪ ತಿರುಗುಮುರುಗಾದರೆ ಲೋಹ ಲೇಪದ ಮೇಲೆಯೇ ಹನಿಗಟ್ಟುತ್ತದೆ. ರುಬಿಡಿಯಂ ಹೀರುವ 795 ನ್ಯಾನೋಮೀಟರ್ ಬೆಳಕನ್ನು ಹಾಯಿಸಿ ನೋಡುತ್ತಿದ್ದರೆ ಹೀರಿಕೆ ದಿನದಿಂದ ದಿನಕ್ಕೆ ಏರುವುದು ಕಾಣುತ್ತದೆ.

ಕಣ್ಣಿಗೆ ಕಂಡದ್ದನ್ನು ನಂಬಬೇಡಿ. ಲೇಪ ಮಸುಕಾಗಿದ್ದೂ ಸೊಗಸಾಗಿ ನಡೆದ ಸೆಲ್ಲುಗಳನ್ನು ನೋಡಿದ್ದೇನೆ. ತೀರ್ಪು ಕೊಡುವುದು ಕತ್ತಲೆ: ವೃತ್ತಧ್ರುವಿತ (ವಿದ್ಯುತ್ ಕ್ಷೇತ್ರ ಸುರುಳಿಯಂತೆ ತಿರುಗುವ) ಬೆಳಕಿನಿಂದ ಸ್ಪಿನ್ ನಿಲ್ಲಿಸಿ, ಷಟರ್ ಮುಚ್ಚಿ, ತುಸು ತಡೆದು ತೆರೆದಾಗ ಎಷ್ಟು ಬೆಳಕು ದಾಟುತ್ತದೆ ಎಂದು ಅಳೆಯುವುದು; ಸ್ಪಿನ್ ಉಳಿದಷ್ಟೂ ಹೆಚ್ಚು ಬೆಳಕು ದಾಟುತ್ತದೆ. ಸುತ್ತ ಹೊರಗಿನ ಕಾಂತಕ್ಷೇತ್ರ ತಡೆಯುವ ಮ್ಯು-ಮೆಟಲ್ ಎಂಬ ಮಿಶ್ರಲೋಹದ ಕವಚ ಇರಲೇಬೇಕು. ಒಳ್ಳೆಯ ಪ್ಯಾರಾಫಿನ್ ಗೋಡೆಗೆ ಸುಮಾರು 10,000 ಸಲ ಬಡಿದರೂ ಸ್ಪಿನ್ ತಾಳುತ್ತದೆ. ನಮ್ಮ ಗೋಳಕ್ಕೆ ಅದು ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು.

ಆ ಮಟ್ಟ ಮುಟ್ಟಿದ ಮೇಲೆ ಗೋಡೆಯನ್ನು ಬೈದು ಫಲವಿಲ್ಲ. ಆಗ ಸೋರಿಕೆ ಇರುವುದು ಕೊಳವೆಯ ಬಾಯಲ್ಲಿ. ಒಳಹೊಕ್ಕ ಪರಮಾಣು ರುಬಿಡಿಯಂ ಲೋಹಕ್ಕೆ ತಗುಲಿತೆಂದರೆ ಸ್ಪಿನ್ ಹೋದಂತೆಯೇ. ನಾನು ಕತ್ತನ್ನು ಕೂದಲೆಳೆಯಷ್ಟು ಕಿರಿದು ಮಾಡಿಸಿದೆ. 2010ರಲ್ಲಿ ಭೌತವಿಜ್ಞಾನಿಗಳಾದ ಬಲಬಾಸ್, ಬುಡ್ಕರ್ ಮತ್ತು ಸಂಗಡಿಗರು ಆಲ್ಕೀನ್ (ಇನ್ನೊಂದು ಬಗೆಯ ಹೈಡ್ರೋಕಾರ್ಬನ್) ಲೇಪದಿಂದ ಸ್ಪಿನ್‌ಗೆ ಒಂದು ನಿಮಿಷದ ಆಯಸ್ಸು ಪಡೆದಾಗಲೂ ಆ ಬಾಯಿಗೆ ಬೀಗ ಹಾಕಿದ್ದರು. ನೂರು ಡಿಗ್ರಿ ದಾಟಿ ಕಾಯಿಸುವವರಿಗೆ ಮಾತ್ರ ಮೇಣ ಬೇಡ, ಓಟಿಎಸ್ (ಆಕ್ಟಾಡೆಸಿಲ್ ಟ್ರೈಕ್ಲೋರೋಸಿಲೇನ್ ಎಂಬ ರಾಸಾಯನಿಕ) ಹಚ್ಚಲಿ. ಅದು ತಾಳುವ ಬಡಿತ ಕಡಿಮೆ, ಆದರೆ ಕರಗುವುದಿಲ್ಲ.