ತೂಕ ಇಳಿಸಬೇಕೆ? ರೊಟ್ಟಿಯನ್ನಲ್ಲ, ಚಹಾದ ಸಕ್ಕರೆಯನ್ನು ಬಿಡಿ

ತೂಕ ಇಳಿಸಲು ಹೊರಟವರು ನಮ್ಮ ಬಾಗಲಕೋಟೆ ಕಡೆ ಮೊದಲು ನಿಲ್ಲಿಸುವುದು ರಾತ್ರಿಯ ಜೋಳದ ರೊಟ್ಟಿಯನ್ನು. ಅರೆಹೊಟ್ಟೆಯಲ್ಲಿ ಮಲಗಿದವರು ಬೆಳಿಗ್ಗೆ ಹಸಿವು ತಡೆಯಲಾರದೆ ಎರಡು ಕಪ್ ಸಿಹಿ ಚಹಾದ ಜೊತೆ ಅರ್ಧ ಪುಡಿಕೆ ಬಿಸ್ಕತ್ತು ಮುಗಿಸುತ್ತಾರೆ; ತಿಂಗಳಾದರೂ ತೂಕ ಇಳಿಯದಿದ್ದಾಗ ‘ನಮ್ಮ ಮೈನ ಹಿಂಗೈತ್ರಿ’ ಎಂದು ಕೈಚೆಲ್ಲುತ್ತಾರೆ. ಎಣ್ಣೆಯಿಲ್ಲದೆ ಹಂಚಿನ ಮೇಲೆ ಬೇಯುವ, ನಾರಿನಂಶವಿರುವ ರೊಟ್ಟಿ ಇಲ್ಲಿ ತಪ್ಪಿತಸ್ಥನಲ್ಲ. ಒಂದೂವರೆ ರೊಟ್ಟಿಗೆ ಪುಂಡಿ ಪಲ್ಯ, ಮಡಕಿಕಾಳು, ಹಸಿ ಮೆಂತ್ಯ ಸೊಪ್ಪು ಧಾರಾಳವಾಗಿರಲಿ.

ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ-ತಿಂಡಿ ಬದಲಿಸಬಾರದು, ಏಕೆಂದರೆ ಔಷಧದ ಪ್ರಮಾಣ ಹಾಗೆಯೇ ಉಳಿದು ಆಹಾರ ಕಡಿಮೆಯಾದರೆ ರಕ್ತದಲ್ಲಿ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಗರ್ಭಿಣಿಯರಿಗೂ ಈ ಲೇಖನ ಅನ್ವಯಿಸುವುದಿಲ್ಲ.

ಮೊದಲ ಹೆಜ್ಜೆ, ಒಂದು ದಿನದ ಚಹಾ ಲೆಕ್ಕ ಬರೆಯುವುದು. ದಿನಕ್ಕೆ 5 ಕಪ್, ಕಪ್ಪಿಗೆ 2 ಚಮಚ, ಚಮಚಕ್ಕೆ 5 ಗ್ರಾಂ ಎಂದರೆ 50 ಗ್ರಾಂ ಸಕ್ಕರೆ, ಅಂದರೆ 200 ಕ್ಯಾಲೊರಿ. ತಿಂಗಳಿಗೆ ಒಬ್ಬರಿಗೇ ಒಂದೂವರೆ ಕಿಲೊ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ.

ಬಹಳ ಜನ ಎಡವುವುದು ಎರಡನೆಯ ಹೆಜ್ಜೆಯಲ್ಲಿ. ಸಕ್ಕರೆಯನ್ನು ಒಂದೇ ದಿನ ಪೂರ್ತಿ ಬಿಟ್ಟವರು ವಾರದೊಳಗೆ ಮರಳಿ ಹಿಡಿಯುತ್ತಾರೆ. ‘ಒಂದೇ ಚಮಚ’ ಎನ್ನುವವರ ಚಮಚದಲ್ಲಿ ಸಕ್ಕರೆ ಗುಡ್ಡೆಯಾಗಿ ನಿಂತು ಎರಡು ಚಮಚದಷ್ಟಾಗಿರುತ್ತದೆ. ಪಾತ್ರೆಯಲ್ಲಿ ಸಕ್ಕರೆ ಹಾಕದೆ ಚಹಾ ಕುದಿಸಿ, ಕಪ್ಪಿಗೆ ಸೋಸಿದ ಮೇಲೆ, ಚಾಕುವಿನ ಬೆನ್ನಿನಿಂದ ಸವರಿ ಸಮಮಾಡಿದ ಚಮಚದಿಂದ ಹಾಕಿಕೊಳ್ಳಿ. ಹತ್ತು ದಿನಕ್ಕೊಮ್ಮೆ ಅರ್ಧ ಚಮಚ ಇಳಿಸಿ. ಸಕ್ಕರೆ ಇಳಿದಂತೆ ಒಗರು ನಾಲಿಗೆಗೆ ಹೆಚ್ಚು ತಟ್ಟುವುದರಿಂದ, ಚಹಾಪುಡಿಯನ್ನೂ ಕಡಿಮೆ ಮಾಡಿ, ಕುದಿಸುವ ಹೊತ್ತನ್ನು ಮೊಟಕುಗೊಳಿಸಿ, ಜಜ್ಜಿದ ಹಸಿಶುಂಠಿ ಹಾಕಬೇಕು. ಈ ಮಾತನ್ನು ಯಾರೂ ಹೇಳಿಕೊಡುವುದಿಲ್ಲ, ಚಹಾ ಕಹಿಯಾಯಿತೆಂದು ಜನ ಸೋಲುವುದು ಇಲ್ಲಿಯೇ. ಬೇರೆಯವರ ಮನೆಗೆ ಹೋದಾಗ ಒಲೆ ಹೊತ್ತಿಸುವ ಮೊದಲೇ ‘ವೈನಿ, ನನಗ ಅರ್ಧಾ ಕಪ್ಪ, ಸಕ್ಕರಿ ಬ್ಯಾಡ್ರಿ’ ಎಂದುಬಿಡಿ. ಕಪ್ಪು ಕೈಗೆ ಬಂದ ಮೇಲೆ ಬೇಡವೆಂದರೆ ಅವರಿಗೂ ಬೇಸರ, ನಿಮಗೂ ಸಂಕೋಚ.

ಸಕ್ಕರೆಯ ಬದಲು ಬೆಲ್ಲ ಎಂಬ ಅಡ್ಡದಾರಿಯನ್ನು ದಯವಿಟ್ಟು ಹಿಡಿಯಬೇಡಿ. ಮಹಾಲಿಂಗಪುರದ ಬೆಲ್ಲದ ರುಚಿಗೆ ನಾನೂ ಸೋತವನೇ, ಆದರೆ 10 ಗ್ರಾಂ ಸಕ್ಕರೆಯಲ್ಲಿ 40 ಕ್ಯಾಲೊರಿ ಇದ್ದರೆ ಅಷ್ಟೇ ಬೆಲ್ಲದಲ್ಲಿ 38ರ ಆಸುಪಾಸು ಇರುತ್ತದೆ. ‘ಶುಗರ್ ಫ್ರೀ’ ಎಂದು ಮಾರುವ ಬಿಸ್ಕತ್ತುಗಳ ಹಿಂಬದಿ ಓದಿ: ಬಹುಪಾಲು ಮೈದಾ ಮತ್ತು ತಾಳೆ ಎಣ್ಣೆ. ತೂಕ ಇಳಿಸುವ ಪುಡಿಗಳನ್ನಂತೂ ಮನೆಗೆ ತರಲೇಬೇಡಿ.

ಬಾಟಲಿಯ ತಂಪು ಪಾನೀಯವನ್ನು ಪೂರ್ತಿ ನಿಲ್ಲಿಸಿ; ಅದಕ್ಕೆ ಮಜ್ಜಿಗೆಯಿದೆ.

ಮುಂದಿನದು ಎಣ್ಣೆ. ಗ್ರಾಂಗೆ 9 ಕ್ಯಾಲೊರಿ ಇರುವುದರಿಂದ ಶೇಂಗಾ ಹಿಂಡಿಯ (ಚಟ್ನಿಪುಡಿಯ) ಮೇಲೆ ಸುರಿಯುವ ಒಂದು ಚಮಚ ಹಸಿ ಎಣ್ಣೆಯೇ 45 ಕ್ಯಾಲೊರಿ ಆಗುತ್ತದೆ. ಹಿಂಡಿಯನ್ನು ಗಟ್ಟಿ ಮೊಸರಿನಲ್ಲಿ ಕಲಸಿಕೊಳ್ಳಿ. ನನ್ನ ಮಟ್ಟಿಗೆ ರುಚಿಯೂ ಅದರಲ್ಲೇ ಹೆಚ್ಚು. ಆದರೆ ಶೇಂಗಾದ ತೂಕದ ಅರ್ಧದಷ್ಟು ಎಣ್ಣೆಯೇ ಆದ್ದರಿಂದ ಹಿಂಡಿ ಎರಡು ಚಮಚ ಮೀರದಿರಲಿ. ಸಂಜೆಯ ಗಿರ್ಮಿಟ್ ವಾರಕ್ಕೊಮ್ಮೆ ಸಾಕು, ಜೊತೆಗೆ ಮಿರ್ಚಿ ಭಜಿ ಬೇಡ. ಅಮೀನಗಡದ ಕರದಂಟು ಹಬ್ಬಕ್ಕೆ, ಒಂದೇ ತುಂಡು.

ತೂಕವನ್ನು ವಾರಕ್ಕೊಮ್ಮೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಒಂದೇ ಯಂತ್ರದ ಮೇಲೆ ನೋಡಿ, ಸೊಂಟದ ಸುತ್ತಳತೆಯನ್ನೂ ಬರೆದಿಡಿ. ವಾರಕ್ಕೆ ಅರ್ಧ ಕಿಲೊ ಇಳಿದರೆ ಬೇಕಾದಷ್ಟಾಯಿತು. ಇಷ್ಟೆಲ್ಲ ಪಾಲಿಸಿಯೂ ಎರಡು ತಿಂಗಳಲ್ಲಿ ಏನೂ ಕದಲದಿದ್ದರೆ ಊಟವನ್ನು ಇನ್ನಷ್ಟು ಕಡಿತಗೊಳಿಸಬೇಡಿ, ವೈದ್ಯರ ಬಳಿ ಹೋಗಿ ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಳ್ಳಿ.